ಹೊಲದ ಬೆಲೆ ಏರಿತು, ಕಿಸೆ ಖಾಲಿ ಉಳಿಯಿತು: ನವಲಗುಂದ ಕಲಿಸುವ ರಾಜ್ಯಶಾಸ್ತ್ರ

ಇಯರ್‌ಫೋನ್ ಹಾಕ್ಕೊಂಡು ಬಸ್ಸಿನಾಗ ಕುಂತು ಕೇಳಾತಿದ್ರ ಒಮ್ಮೆ ಕಿಟಕಿ ಹೊರಗ ನೋಡ್ರಿ. ಅಣ್ಣಿಗೇರಿ, ನವಲಗುಂದದ ಕಡೆಯವರಾದ್ರ ಎರಡೂ ಬದಿಗೆ ಎರಿ ಭೂಮಿ. ಕಲಘಟಗಿ ಕಡೆಯವರಾದ್ರ ಕೆಂಪು ಮಣ್ಣು, ಭತ್ತದ ಗದ್ದಿ. ಇವತ್ತಿನ ಸಂಚಿಕೆ ಈ ಮಣ್ಣಿನ ಬಗ್ಗೆನೂ ಹೌದು, ರಾಜ್ಯಶಾಸ್ತ್ರದ ಬಗ್ಗೆನೂ ಹೌದು. ರಾಜ್ಯಶಾಸ್ತ್ರ ಅಂದ ಕೂಡ್ಲೆ ಸ್ಕಿಪ್ ಮಾಡಬ್ಯಾಡ್ರಿ. ನಾನು ಓದಿದ್ದು ಬಿ.ಕಾಂ., ನನಗೆ ಅರ್ಥ ಆಗಿದೆ ಅಂದ್ರ ನಿಮಗೂ ಆಗತೈತಿ.

ನಮ್ಮ ಕಡೆ ರಾಜ್ಯಶಾಸ್ತ್ರ ಓದೋದು ಎರಡು ಕಾರಣಕ್ಕೆ. ಒಂದು, ಬಿ.ಎ.ಯಲ್ಲಿ ಇತಿಹಾಸ, ಸಮಾಜಶಾಸ್ತ್ರದ ಜೊತೆ ಅದೂ ಬಂದಿರುತ್ತದೆ. ಎರಡು, ಕೆ.ಎ.ಎಸ್., ಪಿ.ಎಸ್.ಐ., ಎಫ್.ಡಿ.ಎ. ಪರೀಕ್ಷೆ. ಧಾರವಾಡದ ಕೋಚಿಂಗ್ ಸೆಂಟರ್‌ಗಳಲ್ಲಿ ಹಗಲು ರಾತ್ರಿ ಸಂವಿಧಾನದ ವಿಧಿಗಳನ್ನು ಬಾಯಿಪಾಠ ಮಾಡುವ ಸಾವಿರಾರು ಹುಡುಗ ಹುಡುಗಿಯರಿದ್ದಾರೆ. ಅವರನ್ನ ಕೇಳ್ರಿ: 356ನೇ ವಿಧಿ ಏನು? ರಾಷ್ಟ್ರಪತಿ ಆಳ್ವಿಕೆ. ಅದಕ್ಕೆ ಸಂಬಂಧಿಸಿದ ಕೇಸು? ಎಸ್.ಆರ್. ಬೊಮ್ಮಾಯಿ ವಿರುದ್ಧ ಭಾರತ ಸರ್ಕಾರ, 1994, ಒಂಬತ್ತು ನ್ಯಾಯಮೂರ್ತಿಗಳ ಪೀಠ. ಉತ್ತರ ಪಟಪಟ ಬರುತ್ತದೆ.

ಆದ್ರ ಆ ಬೊಮ್ಮಾಯಿ 1967ರಲ್ಲಿ ನಮ್ಮ ಕುಂದಗೋಳದಿಂದ ಪಕ್ಷೇತರರಾಗಿ ಗೆದ್ದು ವಿಧಾನಸಭೆಗೆ ಹೋದವರು ಅನ್ನೋದು ಎಷ್ಟು ಜನರಿಗೆ ಗೊತ್ತು? 1989ರ ಏಪ್ರಿಲ್‌ನಲ್ಲಿ ಅವರ ಸರ್ಕಾರವನ್ನು ವಜಾ ಮಾಡಿದರು. ಸದನದಲ್ಲಿ ಬಹುಮತ ತೋರಿಸೋಕೆ ಅವಕಾಶ ಕೇಳಿದರೂ ಸಿಗಲಿಲ್ಲ. ಐದು ವರ್ಷ ಬಿಟ್ಟು ಬಂದ ತೀರ್ಪು ಹೇಳಿದ್ದು: ಸರ್ಕಾರಕ್ಕೆ ಬಹುಮತ ಇದೆಯೋ ಇಲ್ಲವೋ ಅನ್ನೋದನ್ನ ರಾಜಭವನದಲ್ಲಿ ಅಳೆಯೋ ಹಂಗಿಲ್ಲ, ಸದನದಲ್ಲೇ ಅಳೀಬೇಕು. ಇವತ್ತಿಗೂ ದೇಶದ ಯಾವ ರಾಜ್ಯದಲ್ಲಿ ಸರ್ಕಾರ ಅಲುಗಾಡಿದರೂ ಬೊಮ್ಮಾಯಿ ಹೆಸರು ಬರುತ್ತದೆ. ನಮ್ಮ ಹುಡುಗರು ಅದನ್ನು ಒಂದು ಅಂಕದ ಪ್ರಶ್ನೆ ಅಂತ ಓದುತ್ತಾರೆ, ತಮ್ಮ ಊರಿನ ಇತಿಹಾಸ ಅಂತ ಓದೋದಿಲ್ಲ. ನನ್ನ ತಕರಾರು ಇರೋದು ಇಲ್ಲೇ. ವಿಷಯ ನಮ್ಮ ಹೊಲದಾಗ ಬೆಳೆದಿದೆ, ನಾವು ಅದನ್ನ ಪುಸ್ತಕದ ಅಂಗಡಿಯಲ್ಲಿ ಹುಡುಕುತ್ತಿದ್ದೇವೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಸ್ವಾತಂತ್ರ್ಯದ ಹೊತ್ತಿಗೆ ಈ ಭಾಗದ ನಕಾಶೆ ತೆಗೆದು ನೋಡಿದ್ರ ತಲಿ ತಿರುಗತೈತಿ. ನವಲಗುಂದ ಬ್ರಿಟಿಷರ ಮುಂಬೈ ಪ್ರಾಂತ್ಯದಲ್ಲಿ. ಕುಂದಗೋಳ ಜಮಖಂಡಿ ಸಂಸ್ಥಾನದಲ್ಲಿ. ಎಲ್ಲಿಯ ಜಮಖಂಡಿ, ಎಲ್ಲಿಯ ಕುಂದಗೋಳ! ಪಕ್ಕದ ಲಕ್ಷ್ಮೇಶ್ವರ ಮೀರಜಿಗೆ, ಶಿರಹಟ್ಟಿ ಸಾಂಗಲಿಗೆ, ಸವಣೂರು ನವಾಬರಿಗೆ, ಆ ಕಡೆ ಕೊಪ್ಪಳ ಹೈದರಾಬಾದ್ ನಿಜಾಮರಿಗೆ. ಚಕ್ಕಡಿ ಹೂಡಿಕೊಂಡು ಒಂದು ದಿನ ಹೋಗಿಬರೋ ದೂರದೊಳಗೆ ನಾಕೈದು ಸರ್ಕಾರ. ಮಾತಾಡೋದು ಎಲ್ಲರೂ ಕನ್ನಡ. ತೆರಿಗೆ ಕಟ್ಟೋದು ಬ್ಯಾರೆ ಬ್ಯಾರೆ ಕಡೆ, ದೂರು ಕೊಡೋದು ಬ್ಯಾರೆ ಬ್ಯಾರೆ ದೊರೆಗೆ. ರಾಜ್ಯ ಅಂದ್ರೇನು, ಗಡಿ ಯಾರು ಹಾಕ್ತಾರ, ನಾನು ಯಾರ ಪ್ರಜೆ? ಇವು ರಾಜ್ಯಶಾಸ್ತ್ರದ ಮೊದಲನೇ ಸೆಮಿಸ್ಟರಿನ ಪ್ರಶ್ನೆಗಳು. ನಮ್ಮ ಅಜ್ಜ ಮುತ್ತಜ್ಜಂದಿರಿಗೆ ಅವು ಸಂತೆಗೆ ಹೋಗುವಾಗಿನ ಪ್ರಶ್ನೆಗಳಾಗಿದ್ದವು.

ಇದರ ನಡುವೆ ಒಂದು ವಿಶೇಷ ನೋಡ್ರಿ. ಕನ್ನಡದ ರಾಜ್ಯ ಒಂದಾಗಿದ್ದು 1956ರ ನವೆಂಬರ್ 1ಕ್ಕೆ. ಕರ್ನಾಟಕ ವಿಶ್ವವಿದ್ಯಾಲಯದ ಕಾಯ್ದೆ ಬಂದದ್ದು 1949ರಲ್ಲಿ, ಅದೂ ಮುಂಬೈ ಸರ್ಕಾರದಿಂದ. ಶುರುವಿನಲ್ಲಿ ಕಚೇರಿ ಮುಂಬೈಯಲ್ಲೇ ಇತ್ತು, 1950ರಲ್ಲಿ ಧಾರವಾಡಕ್ಕೆ ಬಂತು. ಅಂದ್ರ ಆ ಹೆಸರಿನ ರಾಜ್ಯ ನಕಾಶೆಯ ಮೇಲೆ ಇಲ್ಲದಾಗಲೇ ಆ ಹೆಸರಿನ ವಿಶ್ವವಿದ್ಯಾಲಯ ಇತ್ತು. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟಿದ್ದು 1973ರಲ್ಲಿ, ಅದು ಇನ್ನೂ ತಡ. ಮುಂಬೈ ಪ್ರಾಂತ್ಯದ ಕನ್ನಡ ಜಿಲ್ಲೆಗಳ ಮಕ್ಕಳಿಗೆ ಪದವಿ ಅಂದ್ರ ಅದುವರೆಗೆ ಮುಂಬೈ ವಿಶ್ವವಿದ್ಯಾಲಯದ ಮುದ್ರೆ. ಎಂ.ಎ. ಓದೋಕೆ ಪುಣೆ, ಮುಂಬೈಗೆ ಹೋಗಬೇಕು, ಅಲ್ಲಿ ಖೋಲಿ ಬಾಡಿಗೆ ಕೊಡೋ ತಾಕತ್ತಿರಬೇಕು. ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ ವಿಶ್ವವಿದ್ಯಾಲಯ ಎದ್ದಾಗ ಹಳ್ಳಿಯ ಮನೆಗಳ ಲೆಕ್ಕಾಚಾರವೇ ಬದಲಾಯಿತು. 1954ರಿಂದ 1967ರವರೆಗೆ ಕುಲಪತಿಯಾಗಿದ್ದ ಡಿ.ಸಿ. ಪಾವಟೆ ಕೇಂಬ್ರಿಜ್‌ನಲ್ಲಿ ಗಣಿತ ಓದಿದವರು, ಮುಂದೆ ಪಂಜಾಬಿನ ರಾಜ್ಯಪಾಲರಾದರು. ಇವತ್ತಿನ ಕ್ಯಾಂಪಸ್‌ನ ರೂಪ ಬಹುಮಟ್ಟಿಗೆ ಅವರ ಕಾಲದ್ದು.

ಆ ಗುಡ್ಡದ ಮೇಲೆ ರಾಜ್ಯಶಾಸ್ತ್ರ ಕಲಿಸಿದವರಲ್ಲಿ ಇಬ್ಬರ ಹೆಸರು ನೆನಪಿಟ್ಟುಕೊಳ್ರಿ, ಮುಂದೆ ಬೇಕಾಗತೈತಿ. ಒಬ್ಬರು ಎ.ಎಂ. ರಾಜಶೇಖರಯ್ಯ. ಡಾ. ಅಂಬೇಡ್ಕರ್ ಅವರ ರಾಜಕಾರಣದ ಬಗ್ಗೆ 1971ರಲ್ಲೇ ಇಂಗ್ಲಿಷಿನಲ್ಲಿ ಪುಸ್ತಕ ಬರೆದವರು. ಆಗ ವಿಶ್ವವಿದ್ಯಾಲಯಗಳಲ್ಲಿ ಅಂಬೇಡ್ಕರ್ ಅಂದ್ರ ಸಂವಿಧಾನದ ಪಾಠದೊಳಗೆ ಒಂದು ಪ್ಯಾರಾ ಅಷ್ಟೇ. ಇನ್ನೊಬ್ಬರು ಕೆ. ರಾಘವೇಂದ್ರ ರಾವ್. ಅವರು ಸಾಹಿತ್ಯ ವಿಮರ್ಶೆಯನ್ನೂ ಬರೆದರು, ಸಾಹಿತ್ಯ ಅಕಾಡೆಮಿಗಾಗಿ ಅಂಬೇಡ್ಕರ್ ಕುರಿತು ಕಿರುಪುಸ್ತಕವನ್ನೂ ಬರೆದರು.

ಈಗ 1980ಕ್ಕೆ ಬರೋಣ. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭಾ ಅಣೆಕಟ್ಟು ಕಟ್ಟಿದ್ದರು. 1970ರ ದಶಕದಲ್ಲಿ ಕಾಲುವೆ ನೀರು ನರಗುಂದ, ನವಲಗುಂದದ ಎರಿ ಹೊಲಗಳಿಗೆ ಬರತೊಡಗಿತು. ಆಗ ನರಗುಂದವೂ ಧಾರವಾಡ ಜಿಲ್ಲೆಯೇ, ಗದಗ ಜಿಲ್ಲೆ ಆದದ್ದು 1997ರಲ್ಲಿ. ಮಳೆ ನಂಬಿ ಜೋಳ, ಕಡಲಿ, ಹತ್ತಿ ಬೆಳೆಯುತ್ತಿದ್ದ ನೆಲಕ್ಕೆ ನೀರು ಬಂತು. ಅದರ ಹಿಂದೆಯೇ ಒಂದು ನೋಟಿಸೂ ಬಂತು: ಅಭಿವೃದ್ಧಿ ಕರ ಕಟ್ಟಿರಿ.

ಅಭಿವೃದ್ಧಿ ಕರ ಅಂದ್ರೇನು? ಇಲ್ಲಿ ನನ್ನ ಬಿ.ಕಾಂ. ಉಪಯೋಗಕ್ಕೆ ಬರತೈತಿ. ಸರ್ಕಾರದ ತರ್ಕ ಹಿಂಗಿತ್ತು: ನಾವು ಅಣೆಕಟ್ಟು ಕಟ್ಟಿದೆವು, ನಿಮ್ಮ ಹೊಲ ನೀರಾವರಿ ಆಯ್ತು, ಹೊಲದ ಬೆಲೆ ಏರಿತು, ಏರಿದ ಬೆಲೆಯಲ್ಲಿ ನಮಗೊಂದು ಪಾಲು ಕೊಡಿ. ಇದಕ್ಕೆ 1957ರ ಕಾಯ್ದೆಯ ಬಲವೂ ಇತ್ತು. ಕಾಗದದ ಮೇಲೆ ತಪ್ಪು ಹುಡುಕೋದು ಕಷ್ಟ. ಈಗ ನಾನೇ ಮಾಡಿಕೊಂಡ ಲೆಕ್ಕ ಕೇಳ್ರಿ. ಎಕರೆಗೆ 2,000 ರೂಪಾಯಿ ಇದ್ದ ಹೊಲ 5,000 ಆಯ್ತು ಅನ್ನೋಣ. ರೈತ 3,000 ರೂಪಾಯಿ ಗಳಿಸಿದನಾ? ಹೊಲ ಮಾರಿದ್ರ ಹೌದು. ಆದ್ರ ಹೊಲ ಮಾರೋಕೆ ಅವನಿಗೆ ಮನಸ್ಸೂ ಇಲ್ಲ, ಮಾರಿದ್ರ ಉಣ್ಣಾಕ ಬ್ಯಾರೆ ದಾರಿನೂ ಇಲ್ಲ. ಅಂದ್ರ ಲಾಭ ಕಾಗದದ ಮೇಲಿದೆ, ಕಿಸೆಯಲ್ಲಿಲ್ಲ. ನೀವು ಮ್ಯೂಚುವಲ್ ಫಂಡ್ ಆ್ಯಪ್ ನೋಡ್ತೀರಲ್ಲ, ಹಸಿರು ಅಕ್ಷರದಲ್ಲಿ ಲಾಭ ತೋರಿಸುತ್ತಿರುತ್ತದೆ. ಮಾರೋವರೆಗೂ ಆ ದುಡ್ಡು ನಿಮ್ಮದಲ್ಲ, ಅದರಿಂದ ಚಾ ಬಿಲ್ಲೂ ಕೊಡೋಕಾಗಲ್ಲ. ಅಂಥ ಲಾಭದ ಮೇಲೆ ಇವತ್ತೇ ನಗದು ತೆರಿಗೆ ಕಟ್ಟು ಅಂದ್ರ ಹೆಂಗನಸತೈತಿ? ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಬೇಡಿಕೆ ಬಂದಿದೆ ಅನ್ನೋ ದೂರು ಅದರ ಮೇಲೆ. ನೀರಿನ ಕರ ಬ್ಯಾರೆ, ಹಳೇ ಬಾಕಿ ಬ್ಯಾರೆ. ಅದೇ ಹೊತ್ತಿಗೆ ಹತ್ತಿಯ ದರ ಬಿದ್ದಿತ್ತು.

ರೈತರು ಮಲಪ್ರಭಾ ನೀರಾವರಿ ಪ್ರದೇಶದ ಸಮನ್ವಯ ಸಮಿತಿ ಕಟ್ಟಿಕೊಂಡರು, ಮನವಿ ಕೊಟ್ಟರು, ಧರಣಿ ಕುಂತರು. 1980ರ ಜುಲೈ 21, ಸೋಮವಾರ. ನವಲಗುಂದ, ನರಗುಂದ ಎರಡೂ ಕಡೆ ಸಾವಿರಾರು ಜನ ಸೇರಿದರು. ಪೊಲೀಸರು ಗುಂಡು ಹಾರಿಸಿದರು. ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂದಿ, ನರಗುಂದದಲ್ಲಿ ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ ಪ್ರಾಣ ಕಳೆದುಕೊಂಡರು. ನರಗುಂದದಲ್ಲಿ ಉದ್ರಿಕ್ತ ಗುಂಪಿನ ಕೈಯಲ್ಲಿ ಪೊಲೀಸರೂ ಸತ್ತರು.

ಮುಂದಿನದು ಬರೀ ನಮ್ಮ ಜಿಲ್ಲೆಯ ಕಥೆಯಾಗಿ ಉಳಿಯಲಿಲ್ಲ. ಚಳವಳಿ ರಾಜ್ಯದ ತುಂಬ ಹಬ್ಬಿತು. ಗುಂಡೂರಾವ್ ಸರ್ಕಾರ ವಸೂಲಿಯಿಂದ ಹಿಂದೆ ಸರಿದು ರಿಯಾಯಿತಿ ಪ್ರಕಟಿಸಬೇಕಾಯಿತು. ಅದೇ 1980ರಲ್ಲಿ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಪ್ರೊ. ಎಂ.ಡಿ. ನಂಜುಂಡಸ್ವಾಮಿ ಮುಂತಾದವರು ಕರ್ನಾಟಕ ರಾಜ್ಯ ರೈತ ಸಂಘ ಕಟ್ಟಿದರು. 1981ರ ಆರಂಭದಲ್ಲಿ ವಿರೋಧ ಪಕ್ಷಗಳು ನರಗುಂದದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದವು. 1983ರ ಜನವರಿಯಲ್ಲಿ ಕಾಂಗ್ರೆಸ್ ಸೋತು ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ರಾಜ್ಯದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಅದು. ಸೋಲಿಗೆ ಹತ್ತು ಕಾರಣ ಇದ್ದವು, ಆದರೆ ನವಲಗುಂದ, ನರಗುಂದದ ಹೆಸರು ಬಿಟ್ಟು ಆ ಕಥೆ ಯಾರೂ ಬರೆಯೋದಿಲ್ಲ. 1989ರಲ್ಲಿ ರೈತ ಸಂಘದ ಬಾಬಾಗೌಡ ಪಾಟೀಲ ಕಿತ್ತೂರು, ಧಾರವಾಡ ಗ್ರಾಮೀಣ ಎರಡೂ ಕ್ಷೇತ್ರಗಳಲ್ಲಿ ಗೆದ್ದರು. ಅವರು ಬಿಟ್ಟುಕೊಟ್ಟ ಧಾರವಾಡ ಗ್ರಾಮೀಣದಿಂದ ಉಪಚುನಾವಣೆಯಲ್ಲಿ ನಂಜುಂಡಸ್ವಾಮಿ ವಿಧಾನಸಭೆಗೆ ಹೋದರು.

ಇಷ್ಟು ನಮಗೆ ಹೆಚ್ಚುಕಮ್ಮಿ ಗೊತ್ತಿರೋ ಕಥೆ. ಪ್ರತಿ ವರ್ಷ ಜುಲೈ 21ಕ್ಕೆ ಹುತಾತ್ಮ ದಿನ, ಹಸಿರು ಶಾಲು, ಮಾಲೆ, ಭಾಷಣ. ಇದು ನೆನಪಿನ ಕೆಲಸ. ಶಾಸ್ತ್ರದ ಕೆಲಸ ಎಲ್ಲಿ ಶುರುವಾಗತೈತಿ? ನೆನಪು ಕೇಳದ ಪ್ರಶ್ನೆಯನ್ನು ಕೇಳಿದಾಗ.

ಈ ಚಳವಳಿ ಬಗ್ಗೆ ಗಂಭೀರ ಸಂಶೋಧನೆ ನಡೆದಿದೆ. ಬೆಂಗಳೂರಿನ ಐಸೆಕ್ ಸಂಸ್ಥೆಯಲ್ಲಿದ್ದ ಅರ್ಥಶಾಸ್ತ್ರಜ್ಞ ಎಂ.ವಿ. ನಾಡಕರ್ಣಿ 1987ರಲ್ಲಿ ಭಾರತದ ರೈತ ಚಳವಳಿಗಳ ಬಗ್ಗೆ ಪುಸ್ತಕ ತಂದರು. ಮೈಸೂರು ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಮುಜಾಫರ್ ಅಸ್ಸಾದಿ 1980ರಿಂದ 1994ರವರೆಗಿನ ಕರ್ನಾಟಕದ ರೈತ ಚಳವಳಿ ಬಗ್ಗೆ ಇಡೀ ಪುಸ್ತಕವನ್ನೇ ಬರೆದರು. ಅಸ್ಸಾದಿಯವರು 2025ರ ಜನವರಿಯಲ್ಲಿ ತೀರಿಕೊಂಡರು. ಇಂಥ ಸಂಶೋಧಕರು ರೈತರ ನೋವನ್ನು ಅಲ್ಲಗಳೆಯಲಿಲ್ಲ. ಜೊತೆಗೆ ಮತ್ತೊಂದು ಪ್ರಶ್ನೆ ಇಟ್ಟರು: ಈ ಚಳವಳಿಯಲ್ಲಿ ರೈತ ಅಂದ್ರ ಯಾರು?

ಒಂದು ನಿಮಿಷ ಇಲ್ಲಿ ನಿಲ್ಲೋಣ. ಅಭಿವೃದ್ಧಿ ಕರ ಯಾರಿಗೆ ಬೀಳುತ್ತದೆ? ಉತಾರದಾಗ ಹೆಸರು ಇದ್ದವರಿಗೆ. ಹೊಲದ ಬೆಲೆ ಏರಿದ್ರ ಲಾಭ ಯಾರಿಗೆ? ಅವರಿಗೇ. ಹತ್ತಿ ದರ ಏರಬೇಕು ಅನ್ನೋ ಬೇಡಿಕೆ ಯಾರದು? ಹತ್ತಿ ಮಾರುವವರದು. ಹಂಗಾದ್ರ ಬಿಸಿಲಾಗ ಸೆರಗು ಕಟ್ಟಿಕೊಂಡು ಹತ್ತಿ ಬಿಡಿಸೋ ಹೆಣ್ಣುಮಕ್ಕಳು, ವರ್ಷದ ಆಳಾಗಿ ದುಡಿಯುವವರು, ಉತಾರದಾಗ ಹೆಸರೇ ಇಲ್ಲದವರು? ದರ ಏರಿದಾಗ ಅವರ ಕೂಲಿ ಏರಿತಾ? ಸರ್ಕಾರದ ಮುಂದೆ ಇಟ್ಟ ಬೇಡಿಕೆಗಳ ಪಟ್ಟಿಯಲ್ಲಿ ಅವರ ಬೇಡಿಕೆ ಎಷ್ಟನೇ ನಂಬರಿನಲ್ಲಿತ್ತು? ರೈತನಿಗೆ ಸರ್ಕಾರ ಕೊಡಬೇಕಾದ ನ್ಯಾಯ ಒಂದು. ರೈತ ತನ್ನ ಹೊಲದಲ್ಲಿ ದುಡಿಯುವವರಿಗೆ ಕೊಡಬೇಕಾದ ನ್ಯಾಯ ಇನ್ನೊಂದು. ಮೊದಲನೆಯದನ್ನು ಕೇಳೋಕೆ ಧೈರ್ಯ ಬೇಕು, ಅದನ್ನು ನಮ್ಮ ಹಿರಿಯರು ತೋರಿಸಿದರು. ಎರಡನೆಯದನ್ನು ಕೇಳೋಕೆ ಇನ್ನೂ ಸ್ವಲ್ಪ ಹೆಚ್ಚು ಧೈರ್ಯ ಬೇಕು, ಯಾಕಂದ್ರ ಅಲ್ಲಿ ಉತ್ತರ ಕೊಡಬೇಕಾದವರು ನಮ್ಮ ಮನೆಯವರೇ.

ಆಗ ಹೇಳಿದ ಆ ಇಬ್ಬರು ಪ್ರಾಧ್ಯಾಪಕರನ್ನು ಈಗ ನೆನಪು ಮಾಡಿಕೊಳ್ರಿ. ಧಾರವಾಡದಲ್ಲಿ ಕುಂತು ಅಂಬೇಡ್ಕರ್ ಬಗ್ಗೆ ಬರೆದವರು. ಅಂಬೇಡ್ಕರ್ ಅವರಿಗೂ ಧಾರವಾಡಕ್ಕೂ ಹಳೇ ನಂಟು ಐತಿ. 1920ರ ದಶಕದ ಕೊನೆಗೆ ಅವರು ಕಟ್ಟಿದ ಶಿಕ್ಷಣ ಸಂಸ್ಥೆಯ ಮೂಲಕ ಧಾರವಾಡದಲ್ಲಿ ದಲಿತ ವಿದ್ಯಾರ್ಥಿಗಳಿಗೆ ವಸತಿ ನಿಲಯ ಶುರುವಾಯಿತು. ಹಳ್ಳಿಯ ಹುಡುಗ ಧಾರವಾಡಕ್ಕೆ ಬಂದು ಓದಬೇಕಾದ್ರ ಮೊದಲು ಬೇಕಾಗೋದು ತಲೆ ಮೇಲೊಂದು ಸೂರು, ಎರಡು ಹೊತ್ತು ಊಟ. ವಿಶ್ವವಿದ್ಯಾಲಯ ಬರೋಕಿಂತ ಇಪ್ಪತ್ತು ವರ್ಷ ಮೊದಲೇ ಅದನ್ನ ಅರ್ಥ ಮಾಡಿಕೊಂಡಿದ್ದರು ಅವರು. ಅಂಬೇಡ್ಕರ್ ಅವರನ್ನು ಓದಿದ ವಿದ್ಯಾರ್ಥಿ ನವಲಗುಂದದ 1980ನ್ನು ನೋಡಿದಾಗ ಗುಂಡೇಟು ತಿಂದವರನ್ನೂ ನೋಡುತ್ತಾನೆ, ಫೋಟೋದಲ್ಲಿ ಇಲ್ಲದವರನ್ನೂ ಹುಡುಕುತ್ತಾನೆ. ಸತ್ತ ಪೊಲೀಸರ ಮನೆಯನ್ನೂ ಲೆಕ್ಕಕ್ಕೆ ಹಿಡಿಯುತ್ತಾನೆ. ಇದರಿಂದ ಹುತಾತ್ಮರ ಗೌರವ ಒಂದು ಗುಂಜಿಯಷ್ಟೂ ಕಡಿಮೆ ಆಗೋದಿಲ್ಲ. ಕಥೆ ಪೂರ್ತಿ ಆಗತೈತಿ ಅಷ್ಟೇ.

ಮೂವತ್ತೈದು ವರ್ಷ ಆದ ಮೇಲೆ ಅದೇ ನೆಲ ಮತ್ತೆ ಕುದಿಯಿತು. ನಮ್ಮ ವಯಸ್ಸಿನವರು ಇದನ್ನು ಕಣ್ಣಾರೆ ಕಂಡಿದ್ದೇವೆ. ಕಾಲುವೆ ಇದೆ, ಮಲಪ್ರಭೆಯಲ್ಲಿ ನೀರು ಸಾಲದು, ಹಂಗಾಗಿ ಮಹದಾಯಿ ಕೊಳ್ಳದ ಕಳಸಾ, ಬಂಡೂರಿ ಹಳ್ಳಗಳ ನೀರು ತಿರುಗಿಸಿ ಕೊಡಿ ಅಂತ 2015ರ ಜುಲೈನಲ್ಲಿ ನರಗುಂದದಲ್ಲಿ ಧರಣಿ ಶುರುವಾಯಿತು. 2016ರ ಜುಲೈ 27ರಂದು ಮಹದಾಯಿ ನ್ಯಾಯಮಂಡಳಿ ಕರ್ನಾಟಕದ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿತು. ನವಲಗುಂದ ಹೊತ್ತಿಕೊಂಡಿತು. ಯಮನೂರಿನಲ್ಲಿ ಪೊಲೀಸರ ಲಾಠಿ ಏಟಿನ ದೃಶ್ಯಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ನೀರು ಹಂಚಿತು. 2020ರ ಫೆಬ್ರುವರಿಯಲ್ಲಿ ಅದು ಕೇಂದ್ರದ ಗೆಜೆಟ್ಟಿನಲ್ಲಿ ಬಂತು. ಗೆಜೆಟ್ಟಿನಲ್ಲಿ ಬಂದ ನೀರು ಹೊಲಕ್ಕೆ ಬರಲಿಲ್ಲ, ಅರಣ್ಯ ಮತ್ತು ವನ್ಯಜೀವಿ ಅನುಮತಿಗಳ ಹತ್ತಿರ ನಿಂತುಕೊಂಡಿತು.

1980ಕ್ಕೂ 2016ಕ್ಕೂ ಇರೋ ಫರಕು ನೋಡ್ರಿ. 1980ರಲ್ಲಿ ಎದುರಾಳಿ ಕಣ್ಣಿಗೆ ಕಾಣುತ್ತಿದ್ದ. ತಹಶೀಲ್ದಾರ್ ಕಚೇರಿ ಅಲ್ಲೇ ಇತ್ತು, ನೋಟಿಸಿನ ಮೇಲೆ ಸಹಿ ಇತ್ತು, ಮುಖ್ಯಮಂತ್ರಿ ಬೆಂಗಳೂರಿನಲ್ಲಿದ್ದರು. 2016ರಲ್ಲಿ ಎದುರಾಳಿ ಯಾರು? ಗೋವಾ ಸರ್ಕಾರನಾ, ದಿಲ್ಲಿಯ ನ್ಯಾಯಮಂಡಳಿನಾ, ಕೇಂದ್ರನಾ, ನಮ್ಮದೇ ಸರ್ಕಾರನಾ? ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಒಕ್ಕೂಟ ವ್ಯವಸ್ಥೆ, ಅಂತರರಾಜ್ಯ ಜಲವಿವಾದ ಕಾಯ್ದೆ, 262ನೇ ವಿಧಿ ಇವೆಲ್ಲ ಗೊತ್ತಿಲ್ಲದಿದ್ರ ಯಾರ ಬಾಗಿಲು ಬಡೀಬೇಕು ಅನ್ನೋದೇ ತಿಳಿಯೋದಿಲ್ಲ. ಬಾಗಿಲು ತಿಳಿಯದಿದ್ದಾಗ ಸಿಟ್ಟು ಎದುರಿಗೆ ಸಿಕ್ಕ ಕಚೇರಿಯ ಕಿಟಕಿ ಗಾಜಿನ ಮೇಲೆ ಹೋಗುತ್ತದೆ, ಲಾಠಿ ಏಟು ನಮ್ಮ ಬೆನ್ನಿನ ಮೇಲೆ ಬರುತ್ತದೆ, ಕೇಸು ಹತ್ತು ವರ್ಷ ನಮ್ಮ ಹುಡುಗರ ಹೆಸರಿನ ಮೇಲೆ ಕುಂದರತೈತಿ.

ಈ ಸಂಚಿಕೆ ಮಾಡಬೇಕು ಅನಿಸಿದ್ದು ಕೇಳುಗರೊಬ್ಬರು ಕಳಿಸಿದ ಮೆಸೇಜಿನಿಂದ. ಅಣ್ಣಿಗೇರಿ ಕಡೆಯ ಹುಡುಗಿ. ಬಿ.ಎ. ಮುಗಿಸಿದ್ದಾಳೆ, ಎಂ.ಎ. ರಾಜ್ಯಶಾಸ್ತ್ರ ಮಾಡೋ ಆಸೆ, ಮನೆಯಲ್ಲಿ ಕೇಳೋದು ಒಂದೇ ಮಾತು: ಅದನ್ನ ಓದಿದ್ರ ಏನ್ ಸಿಗತೈತಿ? ತಂಗಿ, ನಿನಗೆ ಸುಳ್ಳು ಹೇಳೋದಿಲ್ಲ. ಎಂ.ಎ. ಮುಗಿದ ಮಾರನೇ ದಿನ ನೌಕರಿ ಆರ್ಡರ್ ಬರೋದಿಲ್ಲ. ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರ ಪಾಡು ಏನು ಅಂತ ನಿನಗೂ ಗೊತ್ತು. ನೆಟ್, ಕೆಸೆಟ್ ಪಾಸಾಗಿಯೂ ವರ್ಷಗಟ್ಟಲೆ ಕಾಯುವವರಿದ್ದಾರೆ. ಹಂಗಾಗಿ ಮನೆಯವರ ಪ್ರಶ್ನೆ ದಡ್ಡ ಪ್ರಶ್ನೆ ಏನಲ್ಲ, ಅವರಿಗೆ ತಮ್ಮ ದುಡ್ಡಿನ ಚಿಂತೆಗಿಂತ ನಿನ್ನ ಚಿಂತೆ ದೊಡ್ಡದು.

ಆದ್ರ ಲೆಕ್ಕ ಹಾಕೋವಾಗ ಎರಡೂ ಬದಿ ಬರೀಬೇಕು ಅಂತ ನಮಗೆ ಕಾಮರ್ಸಿನಲ್ಲಿ ಕಲಿಸುತ್ತಾರೆ. ಈ ಕಡೆ ಬದಿಯಲ್ಲಿ ಏನೈತಿ? ಪ್ಲೇಟೋದಿಂದ ಅಂಬೇಡ್ಕರ್‌ವರೆಗಿನ ಚಿಂತನೆ, ಸಾರ್ವಜನಿಕ ಆಡಳಿತ, ಅಂತಾರಾಷ್ಟ್ರೀಯ ಸಂಬಂಧ, ಸಂಶೋಧನಾ ವಿಧಾನ. ಕೊನೆಯದನ್ನು ಎಲ್ಲರೂ ಬೋರ್ ಅನ್ನುತ್ತಾರೆ. ನನಗೆ ಅದೇ ಚಿನ್ನದಂಥ ವಿಷಯ ಅನಿಸತೈತಿ. ಯಾರನ್ನು ಕೇಳಬೇಕು, ಹೆಂಗ ಕೇಳಬೇಕು, ಕೇಳಿದ್ದನ್ನ ಹೆಂಗ ಪರೀಕ್ಷೆ ಮಾಡಬೇಕು ಅಂತ ಅದು ಕಲಿಸುತ್ತದೆ. 1980ರ ಜುಲೈನಲ್ಲಿ ಇಪ್ಪತ್ತು ವರ್ಷದವರಾಗಿದ್ದವರಿಗೆ ಈಗ ಅರವತ್ತೈದು ದಾಟಿದೆ. ಅವರು ಇನ್ನೂ ಕಟ್ಟೆ ಮೇಲೆ ಕುಂತು ಮಾತಾಡ್ತಾರ. ಅವತ್ತು ಧರಣಿಗೆ ರೊಟ್ಟಿ ಕಟ್ಟಿ ಕಳಿಸಿದ ಅಮ್ಮಂದಿರಿದ್ದಾರೆ. ಕೂಲಿ ಬಿಟ್ಟು ಹೋಗಿ ಹಿಂದಿನ ಸಾಲಿನಲ್ಲಿ ನಿಂತವರಿದ್ದಾರೆ, ಕೂಲಿ ಬಿಟ್ಟರೆ ಒಲಿ ಹತ್ತೋದಿಲ್ಲ ಅಂತ ಹೋಗದೇ ಉಳಿದವರೂ ಇದ್ದಾರೆ. ಅವರ ಮಾತು ಇಂಗ್ಲಿಷ್ ಪುಸ್ತಕಗಳಲ್ಲಿ ಒಂದು ಸಾಲಾಗಿ ಬಂದಿದ್ದರೆ ಹೆಚ್ಚು. ಅದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳೋಕೆ ಬೆಂಗಳೂರಿನಿಂದ ಯಾರೋ ಬರಬೇಕಾಗಿಲ್ಲ. ಆ ಊರಿನ ಬಸ್ ಪಾಸ್ ಇರೋ ವಿದ್ಯಾರ್ಥಿ ಬೇಕು. ಅವರ ಜೊತೆಗೇ ಆ ನೆನಪೂ ಹೋಗತೈತಿ, ಅದನ್ನ ಯಾವ ಕ್ಲೌಡ್‌ನಿಂದಲೂ ಡೌನ್‌ಲೋಡ್ ಮಾಡೋಕೆ ಬರೋದಿಲ್ಲ.

ಹಂಗಾಗಿ ಕೇಳುಗರೇ, ನಿಮಗೊಂದು ಮನೆಗೆಲಸ. ನಿಮ್ಮ ಓಣಿಯಲ್ಲಿ 1980 ನೆನಪಿರುವ ಒಬ್ಬರನ್ನು ಹುಡುಕ್ರಿ. ಗೌಡರನ್ನಷ್ಟೇ ಕೇಳಬ್ಯಾಡ್ರಿ, ಅವರ ಹೊಲದಾಗ ದುಡಿದವರನ್ನೂ ಕೇಳ್ರಿ. ಮೊಬೈಲಿನ ರೆಕಾರ್ಡರ್ ಆನ್ ಮಾಡೋ ಮುಂಚೆ ಒಪ್ಪಿಗೆ ತಗೋರಿ. ಅವತ್ತು ನೀವೆಲ್ಲಿದ್ರಿ, ಏನ್ ಕಂಡ್ರಿ, ಆಮೇಲೆ ನಿಮಗೇನ್ ಸಿಕ್ತು, ಈ ಮೂರು ಪ್ರಶ್ನೆ ಸಾಕು. ನಡುವೆ ಬಾಯಿ ಹಾಕಬ್ಯಾಡ್ರಿ. ಅವರು ಸುಮ್ಮನಾದ್ರ ನೀವೂ ಸುಮ್ಮನಿರ್ರಿ, ಮುಂದಿನ ಮಾತು ತಾನೇ ಬರತೈತಿ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ. ಅಲ್ಲಿತನಕ ಆರಾಮಿರ್ರಿ, ನಮಸ್ಕಾರ.